ನೀರು ಕುಡಿಯುವ ಗೋಡೆ

ಗೋಡೆಗೆ ಹೊದಿಸಿದ ಗೋಣಿ ಒದ್ದೆಯಾಗಿತ್ತು.

ಒದ್ದೆ ಎಂದರೆ ಅಷ್ಟಿಷ್ಟಲ್ಲ. ಅಂಗೈ ಒತ್ತಿದರೆ ನೀರು ಮೊಣಕೈವರೆಗೆ ಇಳಿಯಿತು. ನಾನು ಕೈಯನ್ನು ಸರಕ್ಕನೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡೆ. ಹೊರಗೆ ಜೂನ್ ತಿಂಗಳ ನಡುಮಧ್ಯಾಹ್ನ, ನಲವತ್ತಾರು ಡಿಗ್ರಿ ಬಿಸಿಲು. ಈ ಗುಹೆಯೊಳಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಇನ್ಶೂರೆನ್ಸ್ ಸರ್ವೇಯರ್ ಕೆಲಸ ಮಾಡಿ, ಸುಟ್ಟ ಗೋದಾಮು, ಮುಳುಗಿದ ದೋಣಿ ಎಲ್ಲ ಕಂಡವನು ಎಂದು ದುಬೈನ ಕರಾಮದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಜಂಬ ಕೊಚ್ಚುವ ನಿರಂಜನ ನಾನೇ. ಇವತ್ತು ಒಂದು ಗೋಣಿತಟ್ಟಿಗೆ ಹೆದರಿದ್ದೆ.

“ಎಂತ ಆಯ್ತು ಸರ್?” ಎಂದಳು ಪರ್ಲ್, ಬೆನ್ನ ಹಿಂದಿನಿಂದ.

“ಏನಿಲ್ಲಮ್ಮ. ಟಾರ್ಚ್ ಸ್ವಲ್ಪ ಈ ಕಡೆ ಹಿಡೀರಿ.”

ಅವಳ ಕೈ ನನ್ನ ಕೈಗಿಂತ ಗಟ್ಟಿಯಾಗಿತ್ತು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಅವಳು. ಅವಳ ಗಂಡ ನೆಲ್ಸನ್ ಈ ಸೈಟಿನ ಡ್ರಾಫ್ಟ್ಸ್‌ಮನ್. ಕಳೆದ ಶನಿವಾರ ಕೆಲಸಕ್ಕೆ ಬಂದವನು ಎಲೆಕ್ಟ್ರಾ ಸ್ಟ್ರೀಟಿನ ಮನೆಗೆ ಮರಳಲಿಲ್ಲ. ಸೋಮವಾರ ಕಂಪನಿಯವರು ‘ಅಬ್‌ಸ್ಕಾಂಡಿಂಗ್’ ಎಂದು ಬರೆದುಕೊಟ್ಟರು. ಆ ಒಂದು ಪದ ಬಿದ್ದರೆ ಆಯಿತು, ಕಾಣೆಯಾದವನು ಓಡಿಹೋದವನಾಗುತ್ತಾನೆ. ಅವನನ್ನು ಹುಡುಕುವವರು ಹಿಡಿಯುವುದಕ್ಕಾಗಿ ಹುಡುಕುತ್ತಾರೆ.

ಇನ್ನು ಈ ಗುಹೆ. ಇದು ದೇವರು ಮಾಡಿದ ಗುಹೆಯಲ್ಲ. ಇನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಹಳ್ಳಿಯೊಂದರ ಧಣಿ ತನ್ನ ಬಂಗಲೆಯ ತೋಟದಲ್ಲಿ ಕಟ್ಟಿಸಿದ್ದು. ಒರಟು ಕಲ್ಲು ಪೇರಿಸಿ, ಮೇಲೆ ಶಂಖ, ಕಪ್ಪೆಚಿಪ್ಪು ಅಂಟಿಸಿ, ಸಂದಿಯಿಂದ ನೀರು ತೊಟ್ಟಿಕ್ಕಲೆಂದು ಸೀಸದ ಕೊಳವೆ ಹುದುಗಿಸಿದ್ದ. ಊಟವಾದ ಮೇಲೆ ನೆಂಟರನ್ನು ಕರೆತಂದು ಹೆದರಿಸುವುದೇ ಇದರ ಉಪಯೋಗ. ಅದೂ ಸಾಲದೆ ಕೆಲವು ಧಣಿಗಳು ಮೂಲೆಯಲ್ಲಿ ಕೂರಲು ಗಡ್ಡದ ಸನ್ಯಾಸಿಯೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರಂತೆ. ಬಿಸಿಲೇ ಕಾಣದ ದೇಶದಲ್ಲಿ ನೆರಳಿಗೆ ಇಷ್ಟು ಖರ್ಚು ಮಾಡಿದವರನ್ನು ಏನೆನ್ನಬೇಕೋ ನನಗೆ ತಿಳಿಯದು.

ಬಂಗಲೆ ಬಿತ್ತು. ವಂಶದವರು ತೋಟದ ಕಲ್ಲುಗೋಡೆಯನ್ನೂ ಈ ಗುಹೆಯನ್ನೂ ಅಬುಧಾಬಿಯ ಶ್ರೀಮಂತರೊಬ್ಬರಿಗೆ ಮಾರಿದರು. ಇಪ್ಪತ್ತೆರಡು ಕಂಟೇನರ್ ಕಲ್ಲು ಹಡಗಿನಲ್ಲಿ ಬಂದು ಬನಿಯಾಸ್ ಊರು ದಾಟಿ ಮರಳಿನ ನಡುವಿನ ಈ ತೋಟದಲ್ಲಿ ಇಳಿಯಿತು. ಪ್ರತಿ ಕಲ್ಲಿನ ಅಡಿಮೈ ಮೇಲೆ ಹಳದಿ ಬಣ್ಣದಲ್ಲಿ ಒಂದೊಂದು ನಂಬರು. ಯಾವ ನಂಬರು ಎಲ್ಲಿ ಕೂರಬೇಕು ಎಂದು ನಕ್ಷೆ ನೋಡಿ ಹೇಳುವುದು ನೆಲ್ಸನ್‌ನ ಕೆಲಸ.

ಆ ನಕ್ಷೆಯ ಒಂದು ಪ್ರತಿ ಈಗ ನನ್ನ ಕೈಯಲ್ಲಿತ್ತು. ಮನೆಯ ಹಾಸಿಗೆಯ ಕೆಳಗೆ ಪರ್ಲಳಿಗೆ ಸಿಕ್ಕಿದ್ದು.

“ಈ ಒಳಗೋಡೆ ಮುಗಿದದ್ದು ಮೇ ಇಪ್ಪತ್ತೆಂಟಕ್ಕೆ. ನಿಮ್ಮ ಮನೆಯವರೇ ಬರೆದಿದ್ದಾರೆ ನೋಡಿ,” ಎಂದೆ. “ಇವತ್ತಿಗೆ ಇಪ್ಪತ್ತೆರಡು ದಿನ.”

“ಹೌದು. ಅದಕ್ಕೆ?”

“ಹೊಸ ಗಾರೆಗೆ ಗೋಣಿ ಹೊದಿಸಿ ನೀರು ಹೊಡೆಯೋದು ಒಂದು ವಾರ. ಈ ಬಿಸಿಲಿಗೆ ಹತ್ತು ದಿನ ಅಂತಲೇ ಇಟ್ಟುಕೊಳ್ಳಿ. ಉಳಿದ ಗೋಡೆಗಳ ಮೇಲೆ ಗೋಣಿ ಇದೆಯಾ? ಎಲ್ಲ ತೆಗೆದು ಹೊರಗೆ ಒಟ್ಟಿದ್ದಾರೆ. ಇದೊಂದಕ್ಕೆ ಇನ್ನೂ ಯಾಕೆ ಕುಡಿಸ್ತಾ ಇದ್ದಾರೆ?”

ಉತ್ತರ ನಮ್ಮಿಬ್ಬರಿಗೂ ಹೊಳೆದಿತ್ತು. ಯಾರೋ ಈ ಗೋಡೆಯನ್ನು ಮತ್ತೆ ಬಿಚ್ಚಿ, ಏನನ್ನೋ ಒಳಗಿಟ್ಟು, ಮತ್ತೆ ಮುಚ್ಚಿದ್ದಾರೆ. ಮುಚ್ಚಿದವನು ಮೇಸ್ತ್ರಿ. ಮೇಸ್ತ್ರಿಯಾದವನಿಗೆ ಹಸಿ ಗಾರೆಯನ್ನು ಒಣಗಲು ಬಿಟ್ಟು ಹೋಗುವ ಮನಸ್ಸು ಬರುವುದಿಲ್ಲ. ಪಾಪವನ್ನೇ ಮುಚ್ಚಿದ್ದರೂ ಬೆಳಿಗ್ಗೆ ಸಂಜೆ ಬಂದು ನೀರು ಕುಡಿಸುತ್ತಾನೆ.

ನನಗೆ ನಾಚಿಕೆಯಾಯಿತು. ಮೇ ತಿಂಗಳ ಕೊನೆಯಲ್ಲಿ ಈ ಗುಹೆಯ ಹಿಂಭಾಗದ ಛಾವಣಿ ಕುಸಿದಾಗ ವಿಮಾ ಕಂಪನಿಯ ಪರವಾಗಿ ನೋಡಲು ಬಂದವನು ನಾನೇ. ಅದು ತಿಳಿದೇ ಪರ್ಲ್ ನಕ್ಷೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದದ್ದು. ಸೈಟ್ ಮ್ಯಾನೇಜರ್ ಹ್ಯೂಬರ್ಟ್ ಕೊಟ್ಟ ತಣ್ಣನೆಯ ಮಜ್ಜಿಗೆ ಕುಡಿದು, ಗುಹೆಯೊಳಗೆ ಕಾಲೂ ಇಡದೆ, ‘ಜೀವಹಾನಿ ಇಲ್ಲ’ ಎಂದು ಸಹಿ ಹಾಕಿ ದುಬೈಗೆ ಹೊರಟುಹೋಗಿದ್ದೆ.

ಪರ್ಲ್ ಟಾರ್ಚನ್ನು ನಿಧಾನವಾಗಿ ಕೆಳಗಿಳಿಸಿದಳು. ಗೋಣಿಯ ಅಂಚಿನ ಕೆಳಗೆ ಎರಡು ಕಲ್ಲುಗಳ ನಡುವೆ ಬೆರಳು ತೂರದಷ್ಟು ಸಂದಿ. ಅದರಿಂದ ಇರುವೆಗಳ ಸಾಲು.

ಅವಳು ಬೆಳಕನ್ನು ಆ ಸಾಲಿನ ಮೇಲೇ ನಿಲ್ಲಿಸಿದಳು.

“ಸರ್, ಇರುವೆ ಎಂತಕ್ಕೆ ಬರ್ತದೆ ಅಂತ ನನಗೆ ಗೊತ್ತುಂಟು,” ಎಂದಳು. “ಆಸ್ಪತ್ರೆಯಲ್ಲಿ ನೋಡಿದ್ದೇನೆ.”

ಅವಳು ಗೋಡೆಗೆ ಒರಗಲೂ ಇಲ್ಲ, ಅಳಲೂ ಇಲ್ಲ. ಕತ್ತಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಳು. ಈ ಹೆಂಗಸು ಇನ್ನೊಂದು ಗಳಿಗೆಯಲ್ಲಿ ವಿಧವೆಯಾಗುತ್ತಾಳೆ, ಅದನ್ನು ಗೊತ್ತುಮಾಡಿ ಹೇಳಬೇಕಾದವನು ನಾನು ಎಂದು ನೆನೆದು ನನಗೆ ಓಡಿಹೋಗಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟೂ ಇದ್ದೆ.

ಆಮೇಲೆ ಕನ್ನಡಕ ಸರಿಮಾಡಿಕೊಂಡು ಮಂಡಿಯೂರಿದೆ.

ಇರುವೆಗಳು ಒಳಗಿಂದ ಹೊರಗೆ ಬರುತ್ತಿದ್ದವು. ಒಂದೊಂದರ ಬಾಯಲ್ಲೂ ಬಿಳಿ ಚೂರು. ಒಂದು ಚೂರನ್ನು ಬೆರಳ ತುದಿಗೆ ತೆಗೆದುಕೊಂಡು ಹೊಸೆದೆ. ಮೆತ್ತಗಿತ್ತು. ಮೂಸಿ ನೋಡಿದೆ. ಮತ್ತೆ ಮೂಸಿದೆ.

“ಪರ್ಲ್, ಇಲ್ಲಿ ಬನ್ನಿ. ಇದು ಕುಬ್ಬೂಸ್.”

“ಎಂತ?”

“ಕುಬ್ಬೂಸ್ ರೊಟ್ಟಿ. ಇವತ್ತಿಂದು. ಈ ಸೆಕೆಗೆ ಎರಡು ಗಂಟೆ ಹೊರಗಿಟ್ಟರೆ ಹಲಗೆ ಆಗತ್ತೆ ಇದು. ಇನ್ನೂ ಮೆತ್ತಗಿದೆ ನೋಡಿ.”

ಅವಳು ಆ ಚೂರನ್ನು ನನ್ನ ಬೆರಳಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅವಳ ಮುಖದಲ್ಲಿ ಏನಾಗುತ್ತಿದೆ ಎಂದು ನೋಡುವಷ್ಟು ಸಮಯ ನನಗೆ ಸಿಗಲಿಲ್ಲ. ಗುಹೆಯ ಬಾಯಲ್ಲಿ ಬೆಳಕು ಕಪ್ಪಾಯಿತು. ನೆಲದ ಮೇಲೆ ಏನೋ ಉದ್ದನೆಯದನ್ನು ಎಳೆದು ತರುವ ಸದ್ದು.

“ಯಾರದು ಒಳಗೆ?”

ಕ್ಯಾಮಿಲಸ್ ಮೇಸ್ತ್ರಿ ನಿಂತಿದ್ದರು. ಅರವತ್ತು ದಾಟಿದ, ಕಾರ್ಕಳದ ಕಡೆಯ ಮನುಷ್ಯ. ಊರಿನ ಹಳೆಯ ಇಗರ್ಜಿಗಳ, ಅಂದರೆ ಚರ್ಚುಗಳ, ಸುಣ್ಣದ ಗಾರೆ ಕೆಲಸದಲ್ಲಿ ಕೈ ಪಳಗಿಸಿಕೊಂಡವರು. ಇಲ್ಲಿ ಸಿಮೆಂಟು ಕಲಸುವವರು ನೂರು ಜನ ಸಿಗುತ್ತಾರೆ, ಗಾರೆ ಅರೆಯುವವರು ಇವರೊಬ್ಬರೇ. ಎಡಗೈಯಲ್ಲಿ ನೀರಿನ ಪೈಪು. ಬಲಗೈಯಲ್ಲಿ ಕಬ್ಬಿಣದ ಹಾರೆ.

ನನ್ನ ಕಣ್ಣು ಹಾರೆಯ ಮೇಲೇ ಇತ್ತು. ಗುಹೆಗೆ ಇರುವುದು ಒಂದೇ ಬಾಯಿ. ಅದರಲ್ಲಿ ಅವರಿದ್ದರು.

“ನಾನು ಮೇಸ್ತ್ರಿಗಳೇ, ಇನ್ಶೂರೆನ್ಸ್ ನಿರಂಜನ. ಮೊನ್ನೆ ಬಂದಿದ್ದೆನಲ್ಲ,” ಎಂದೆ.

“ಶುಕ್ರವಾರ ಎಂತ ಕೆಲಸ ನಿಮಗೆ ಇಲ್ಲಿ?”

“ನಿಮಗೆ ಎಂತ ಕೆಲಸ ಅಂಕಲ್?” ಎಂದಳು ಪರ್ಲ್.

ಅವಳನ್ನು ಅವರು ಅಷ್ಟು ಹೊತ್ತು ಕಂಡಿರಲಿಲ್ಲ. ಕಂಡದ್ದೇ ಪೈಪು ಕೈಯಿಂದ ಜಾರಿತು.

“ಇವತ್ತು ಪೂಜೆಗೆ ಯಾಕೆ ಬರ್ಲಿಲ್ಲ?” ಎಂದು ಕೇಳಿದಳು. ಇಲ್ಲಿ ಶುಕ್ರವಾರವೇ ಭಾನುವಾರ. ಅಬುಧಾಬಿಯ ಇಗರ್ಜಿಗೆ ಕೆಲಸಗಾರರ ಕ್ಯಾಂಪಿನಿಂದ ಬಸ್ಸು ಹೋಗುತ್ತದೆ. ಹ್ಯೂಬರ್ಟ್ ಕುಟುಂಬ ಸಮೇತ ಅಲ್ಲಿರುತ್ತಾನೆ ಎಂಬ ಧೈರ್ಯದಿಂದಲೇ ನಾವು ಈ ಹೊತ್ತಿಗೆ ಬಂದದ್ದು. “ಬೆಳಿಗ್ಗೆ ಬಸ್ಸಿಳಿದವರಲ್ಲಿ ನಿಮ್ಮನ್ನು ಹುಡುಕಿದೆ. ಹನ್ನೊಂದು ವರ್ಷದಲ್ಲಿ ಒಂದು ಪೂಜೆ ತಪ್ಪಿಸಿದವರಲ್ಲ ನೀವು.”

“ಗೋಡೆಗೆ ನೀರು ಹಾಕ್ಲಿಕ್ಕೆ ಜನ ಇಲ್ಲ ಮಗಾ. ಕ್ಯೂರಿಂಗ್ ತಪ್ಪಿದ್ರೆ ಬಿರುಕು ಬಿಡ್ತದೆ.”

“ಮೂರು ವಾರ ಆದ ಗೋಡೆಗಾ?” ಎಂದೆ ನಾನು.

“ನಿಮಗೆ ಸುಣ್ಣದ ವಿಷಯ ಗೊತ್ತುಂಟಾ? ಸುಣ್ಣ ನಿಧಾನ. ಊರಲ್ಲಿ ನಾವು ಒಂದು ತಿಂಗಳು...”

“ಪಕ್ಕದ ಗೋಡೇನೂ ಸುಣ್ಣದ್ದೇ ಅಲ್ವಾ? ಅದಕ್ಕೆ ಗೋಣಿ ಎಲ್ಲಿ?”

ಅವರು ಹಾರೆಯನ್ನು ನೆಲಕ್ಕೆ ಊರಿದರು. ನಾನು ಉಸಿರು ಬಿಟ್ಟೆ. ಅವರು ಅದನ್ನು ಮತ್ತೆ ಎತ್ತಿದರು. ನಾನು ಬಿಟ್ಟ ಉಸಿರನ್ನು ಅಲ್ಲೇ ತಡೆದೆ.

“ಸರ್, ನೀವು ಹೋಗಿ. ಖಲಾಸ್. ನಿಮ್ಮ ಕೆಲಸ ಅವತ್ತೇ ಮುಗಿದಿದೆ. ಸೈನ್ ಹಾಕಿ ಹೋಗಿದ್ದೀರಿ. ಪರ್ಲ್ ಮಗಾ, ನೀನೂ ಹೋಗು. ನಿನಗೆ ಕೈ ಮುಗೀತೇನೆ.”

ಪರ್ಲ್ ಹೋಗಲಿಲ್ಲ. ನೇರವಾಗಿ ಅವರ ಮುಂದೆ ಬಂದು, ಬೆರಳ ತುದಿಯಲ್ಲಿದ್ದ ಆ ಬಿಳಿ ಚೂರನ್ನು ಅವರ ಕಣ್ಣಿನ ಹತ್ತಿರ ಹಿಡಿದಳು.

“ಅಂಕಲ್, ನಿಮ್ಮ ಗೋಡೆ ಕುಬ್ಬೂಸ್ ತಿನ್ತದಾ?”

ಮೇಸ್ತ್ರಿ ಹಾರೆಯನ್ನು ಗೋಡೆಗೆ ಒರಗಿಸಿದರು. ಒದ್ದೆ ನೆಲದ ಮೇಲೆ ಕುಕ್ಕರಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳುಗಳ ತುಂಬ ಸುಣ್ಣ ತಿಂದ ಬಿರುಕು.

“ಬದುಕಿದ್ದಾನೆ,” ಎಂದರು. “ಮೆಲ್ಲ ಮಾತಾಡು. ವಾಚ್‌ಮನ್ ಹ್ಯೂಬರ್ಟ್‌ನ ಜನ.”

ಪರ್ಲ್ ಅಲ್ಲೇ ಕುಸಿದು ಕುಳಿತಳು. ಆರು ದಿನದಿಂದ ತಡೆದದ್ದು ಈಗ ಬಂತು. ಸದ್ದಾಗಬಾರದೆಂದು ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಕ್ಯಾಮಿಲಸ್ ಹೇಳಿದ್ದನ್ನು ಹೇಳಿದಂತೆ ಬರೆಯಲು ನನ್ನಿಂದಾಗದು. ಅರ್ಧ ತುಳು, ಅರ್ಧ ಕೊಂಕಣಿ, ನಡುನಡುವೆ ಅಳು. ಸಾರಾಂಶ ಇಷ್ಟು.

ಛಾವಣಿ ಕುಸಿದ ದಿನ ಕರೀಂನಗರದ ಸಾಯಣ್ಣ ಎಂಬ ನಲವತ್ತೈದು ವರ್ಷದ ಕೆಲಸಗಾರ ಕಲ್ಲಿನಡಿ ಸಿಕ್ಕಿ ಸತ್ತ. ಕೆಲಸ ನಿಲ್ಲಬಾರದು, ತೋಟದ ಧಣಿ ಅರ್ಬಾಬ್‌ಗೆ ಕೊಟ್ಟ ದಿನ ತಪ್ಪಬಾರದು. ಹ್ಯೂಬರ್ಟ್ ಅವನನ್ನು ಹೊರಗೆ ತೆಗೆಸಲಿಲ್ಲ. ಗುಹೆಗೂ ಹಿಂದಿನ ಮಣ್ಣಿನ ದಿಬ್ಬಕ್ಕೂ ನಡುವೆ ಒಂದು ಪೊಳ್ಳು ಇದೆ. ಅದರಲ್ಲಿ ಸಾಯಣ್ಣ ಬಿದ್ದಿದ್ದ ಅರ್ಧಕ್ಕೆ ಕಾಂಕ್ರೀಟು ಸುರಿಸಿ, ಮುಂದೆ ಈ ಗೋಡೆ ಎಬ್ಬಿಸಿದ. ಸಾಯಣ್ಣ ಓಡಿಹೋದ ಎಂದು ಕಾಗದ ಬರೆದ.

ನಾನು ‘ಜೀವಹಾನಿ ಇಲ್ಲ’ ಎಂದು ಬರೆದದ್ದು ಅದರ ಮಾರನೆಯ ದಿನ.

“ಆತುರದಲ್ಲಿ ನಂಬರ್ ನೋಡದೆ ಕಲ್ಲು ಇಟ್ಟದ್ದು ಸರ್. ನೆಲ್ಸನ್ ಅಲ್ವಾ, ಕಲ್ಲು ನಕ್ಷೆಗೆ ಕೂಡದ್ದು ಅವನ ಕಣ್ಣಿಗೆ ಬೀಳದೆ ಇರ್ತದಾ? ಎರಡು ವಾರ ನನ್ನ ಬೆನ್ನು ಬಿಡ್ಲಿಲ್ಲ. ಶನಿವಾರ ಒಂದು ಕಲ್ಲು ತೆಗೆದು ಅವನನ್ನು ಒಳಗೆ ಬಿಟ್ಟೆ. ಕಾಂಕ್ರೀಟಿನ ಅಂಚಲ್ಲಿ ಸಾಯಣ್ಣನ ಚಪ್ಪಲಿ ಕಾಣ್ತಿತ್ತಂತೆ. ಚಪ್ಪಲಿಯಲ್ಲಿ ಕಾಲೂ ಉಂಟು.”

ಪರ್ಲ್ ತಲೆ ಎತ್ತಿದಳು.

“ಕ್ಯಾಮೆರಾದಲ್ಲಿ ಫೋಟೋ ತೆಗೆದ. ಅಷ್ಟರಲ್ಲಿ ಹ್ಯೂಬರ್ಟ್ ಬರುವ ಸದ್ದು. ನೆಲ್ಸನ್ ಒಳಗಿಂದಲೇ ಹೇಳಿದ, ಮುಚ್ಚಿ ಅಂಕಲ್, ನನ್ನನ್ನು ಇಲ್ಲಿ ಕಂಡ್ರೆ ಗೇಟ್ ದಾಟ್ಲಿಕ್ಕೆ ಬಿಡೂದಿಲ್ಲ ಅಂತ. ಮುಚ್ಚಿದೆ. ಗಾರೆ ಹಾಕ್ಲಿಲ್ಲ. ಬರೇ ಮಣ್ಣು ಮೆತ್ತಿದ್ದು. ಅದು ಕಾಣಬಾರದು ಅಂತ ಗೋಣಿ. ಗೋಣಿ ಇದ್ರೆ ಯಾರೂ ಮುಟ್ಟೂದಿಲ್ಲ, ಮೇಸ್ತ್ರಿ ಕ್ಯೂರಿಂಗ್ ಮಾಡ್ತಾ ಇದ್ದಾನೆ ಅಂತ ಬಿಡ್ತಾರೆ. ಪೈಪಿನ ನೀರು ಆ ಸೀಸದ ಕೊಳವೆಯಲ್ಲಿ ಅವನಿಗೆ ಹೋಗ್ತದೆ. ಊಟ ಸಂದಿಯಲ್ಲಿ.”

ನಾನು ಗೋಣಿಯನ್ನು ನೋಡಿದೆ. ಕೊಲೆಗಾರನ ಕೈಯ ಅಭ್ಯಾಸ ಎಂದುಕೊಂಡು ಬೀಗಿದ್ದೆನಲ್ಲ. ನನ್ನ ಪತ್ತೇದಾರಿಕೆಗಿಷ್ಟು ಬೆಂಕಿ ಬೀಳಲಿ.

“ನನಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ ಅಂಕಲ್,” ಎಂದಳು ಪರ್ಲ್.

“ಕ್ಯಾಂಪಿನ ಫೋನು ಹ್ಯೂಬರ್ಟ್‌ನ ಟೇಬಲ್ ಮೇಲೆ ಉಂಟು. ನಾನು ಸಿಟಿಗೆ ಬಂದ್ರೆ ಇವನಿಗೆ ನೀರು ಕೊಡುವವರು ಯಾರು? ನನ್ನ ವೀಸಾ ಮಾಡಿದ್ದು ಹ್ಯೂಬರ್ಟ್, ನನ್ನ ಎರಡು ಗಂಡುಮಕ್ಕಳ ವೀಸಾ ಮಾಡಿದ್ದೂ ಅವನೇ. ಮೂರು ಪಾಸ್‌ಪೋರ್ಟು ಅವನ ಕಪಾಟಿನಲ್ಲಿ ಉಂಟು.” ಅವರು ಮೂಗು ಒರೆಸಿಕೊಂಡರು. “ಇವತ್ತು ಎರಡು ಗಂಟೆಗೆ ನೀರಿನ ಟ್ಯಾಂಕರ್ ಬರ್ತದೆ. ಡ್ರೈವರ್ ಒಪ್ಪಿದ್ದಾನೆ. ಖಾಲಿ ಟ್ಯಾಂಕಿನಲ್ಲಿ ಅವನನ್ನು ದಾಟಿಸುವುದು.”

ನನ್ನ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ಗೋಣಿ ಸರಿಸಿ, ಹಾರೆಯ ತುದಿಯನ್ನು ಸಂದಿಗೆ ಕೊಟ್ಟು ಮೇಸ್ತ್ರಿ ಒಮ್ಮೆ ಮೀಟಿದರು. ಒಂದೂವರೆ ಅಡಿಯ ಕಲ್ಲು ಹೊರಗೆ ಜಾರಿತು. ಇಬ್ಬರೂ ಹಿಡಿದು ಕೆಳಗಿಳಿಸಿದೆವು. ಕಪ್ಪು ತೂತಿನಿಂದ ಬಂದ ವಾಸನೆ ಹೇಗಿತ್ತೆಂದು ಬರೆಯುವುದಿಲ್ಲ. ಫಿನಾಯಿಲ್ ಮಾತ್ರ ಗುರುತು ಸಿಕ್ಕಿತು.

ಟಾರ್ಚಿನ ಬೆಳಕಿಗೆ ಒಂದು ಮುಖ ಬಂತು. ಆರು ದಿನದ ಗಡ್ಡ, ಸುಣ್ಣ ಬಳಿದ ಕೂದಲು, ಬೆಳಕು ತಾಳದೆ ಮುಚ್ಚಿಕೊಂಡ ಕಣ್ಣು.

ಪರ್ಲ್ ಕೈ ಚಾಚಿ ಆ ಮುಖವನ್ನು ಮುಟ್ಟಿದಳು. ಹಣೆ, ಕೆನ್ನೆ, ತುಟಿ. ನೆಲ್ಸನ್ ಕೊಂಕಣಿಯಲ್ಲಿ ಏನೋ ಅಂದ. ಅವಳು ಇನ್ನೇನೋ ಅಂದಳು. ನನಗೆ ಕೊಂಕಣಿ ಬರುವುದಿಲ್ಲ, ಆ ಹೊತ್ತಿಗೆ ಬರದಿದ್ದದ್ದೇ ಒಳ್ಳೆಯದಾಯಿತು.

“ಕಾಲು ಹೋಗಿದೆ ಇವರದ್ದು,” ಎಂದಳು ನನ್ನ ಕಡೆ ತಿರುಗಿ. ಈಗ ಅವಳು ಪೂರ್ತಿ ನರ್ಸು. “ಮೇಲಿನಿಂದ ಕಲ್ಲು ಬಿದ್ದಿದೆಯಂತೆ, ಪಾದ ಬಾತಿದೆ. ಹೀಗೇ ಎಳೆದ್ರೆ ನೋವಿಗೆ ಕೂಗ್ತಾರೆ. ಮೊದಲು ಕಟ್ಟಬೇಕು. ನನ್ನ ಬ್ಯಾಗ್ ಕೊಡಿ.”

“ಪರ್ಲ್, ಒಳಗೆ ಬೇಡಮ್ಮ. ಟ್ಯಾಂಕರ್ ಬರಲಿ.”

“ಹತ್ತು ನಿಮಿಷ ಸರ್.”

ಅವಳು ಚಪ್ಪಲಿ ಬಿಟ್ಟು, ಬ್ಯಾಗನ್ನು ಮುಂದೆ ತಳ್ಳಿ, ತೂತಿನೊಳಗೆ ನುಸುಳಿದಳು. ನಾನು ಹೊರಗೆ ನಿಂತೆ. ಅವಳ ಜೊತೆ ಒಳಗೆ ಹೋಗಲು ನನಗೆ ಧೈರ್ಯವಿರಲಿಲ್ಲ ಎಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಒಳಗಿನಿಂದ ಬ್ಯಾಂಡೇಜು ಹರಿಯುವ ಸದ್ದು ಬಂತು. ಗಂಡಸಿನ ನರಳಾಟ. ನಡುವೆ ಒಮ್ಮೆ ಅವಳು ನಕ್ಕ ಹಾಗೂ ಕೇಳಿಸಿತು.

ಆಗ ದೂರದಲ್ಲಿ ದೊಡ್ಡ ಗಾಡಿಯ ಸದ್ದು.

“ಟ್ಯಾಂಕರ್ ಬೇಗ ಬಂತು,” ಎಂದು ಮೇಸ್ತ್ರಿ ಗುಹೆಯ ಬಾಯಿಗೆ ಹೋದರು. ಹೋದವರು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. ಹಿಂದಿರುಗಿ ಓಡಿಬಂದರು. ಅರವತ್ತು ದಾಟಿದವರು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ.

“ಹ್ಯೂಬರ್ಟ್. ಕಾರಿನ ಹಿಂದೆ ರೆಡಿಮಿಕ್ಸ್ ಲಾರಿ, ಪಂಪು. ಕಾಂಕ್ರೀಟು ಹಾಕ್ಲಿಕ್ಕೆ ಬಂದಿದ್ದಾನೆ ಮಾರಾಯ್ರೆ.”

“ಹೊರಗೆ ಬನ್ನಿ ಇಬ್ಬರೂ,” ಎಂದು ತೂತಿಗೆ ಬಾಯಿ ಕೊಟ್ಟು ಪಿಸುಗುಟ್ಟಿದೆ.

“ಆಗೂದಿಲ್ಲ ಸರ್. ಇವರನ್ನು ಎಳೀಲಿಕ್ಕೆ ಐದು ನಿಮಿಷ ಆದ್ರೂ ಬೇಕು.”

ಮಣ್ಣಿನ ದಾರಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

“ಮುಚ್ಚಿ,” ಎಂದಳು ಪರ್ಲ್. “ಅಂಕಲ್, ಮುಚ್ಚಿ. ಹೇಗಾದ್ರೂ ಮಾಡಿ ಅವನನ್ನು ವಾಪಸ್ ಕಳಿಸಿ.”

ನಾವಿಬ್ಬರೂ ಕಲ್ಲನ್ನು ಎತ್ತಿ ತೂತಿಗೆ ತಳ್ಳಿದೆವು. ಕೊನೆಗೆ ಕಂಡದ್ದು ಅವಳ ಬೆರಳುಗಳು, ಕಲ್ಲನ್ನು ಒಳಗಿನಿಂದ ಹಿಡಿದು ಸರಿಯಾಗಿ ಕೂರಿಸುತ್ತಿದ್ದವು. ಮೇಸ್ತ್ರಿ ಗೋಣಿ ಎಳೆದರು. ಅವಳ ಚಪ್ಪಲಿಗಳನ್ನು ನಾನು ಕಾಲಿನಿಂದ ಪೈಪಿನ ಸುರುಳಿಯ ಅಡಿಗೆ ನೂಕಿದೆ. ಮುಖ ತೊಳೆದುಕೊಂಡವನಂತೆ ಬೆವರುತ್ತಿದ್ದೆ.

ಹ್ಯೂಬರ್ಟ್ ಒಳಗೆ ಬಂದ. ಇಗರ್ಜಿಯಿಂದ ನೇರವಾಗಿ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಶೂಸು, ಕೈಯಲ್ಲಿ ಎರಡು ತಣ್ಣನೆಯ ನೀರಿನ ಬಾಟಲಿ. ಒಂದನ್ನು ನನಗೆ ಕೊಟ್ಟ.

“ಶುಕ್ರವಾರ ಕೂಡ ಡ್ಯೂಟಿಯಾ ಸರ್? ವಾಚ್‌ಮನ್ ಫೋನ್ ಮಾಡಿದ. ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ದೆ.”

“ಚಿಕ್ಕದೊಂದು ಅಳತೆ ಬಾಕಿ ಇತ್ತು.”

“ಮೇಡಂ ಒಬ್ರು ಬಂದಿದ್ದಾರಂತೆ?”

“ನಮ್ಮ ಆಫೀಸಿನವರು. ಸೆಕೆಗೆ ತಲೆ ಸುತ್ತಿತು ಅಂದರು. ಕಾರಲ್ಲಿ ಎಸಿ ಹಾಕಿ ಮಲಗಿದ್ದಾರೆ.” ನನ್ನ ಕಾರು ಕ್ಯಾಬಿನ್ನಿನ ಹಿಂದಿನ ನೆರಳಲ್ಲಿತ್ತು. ಅವನು ಬಂದ ದಾರಿಗೆ ಕಾಣುವುದಿಲ್ಲ.

“ಪಾಪ,” ಎಂದ. ನಂಬಿದ ಹಾಗೇ ಕಂಡಿತು. “ಮೇಸ್ತ್ರಿ, ಹೊರಗೆ ನಡೀರಿ. ದಿಬ್ಬದ ಮೇಲೆ ಪೈಪಿಗೆ ಕೊರೆದ ತೂತಿನಿಂದ ಹಿಂದಿನ ಪೊಳ್ಳು ತುಂಬಿಸ್ತಾರೆ. ಆರು ಕ್ಯೂಬಿಕ್ ಮೀಟರ್, ಅರ್ಧ ಗಂಟೆ ಕೆಲಸ. ಮುಂದಿನ ವಾರ ಅರ್ಬಾಬ್ ಬರ್ತಾರೆ.”

“ಗೋಡೆ ಹಸಿ ಉಂಟು ಹ್ಯೂಬರ್ಟ್. ಹಿಂದಿನಿಂದ ಒತ್ತು ಬಿದ್ರೆ ತಡೆಯೂದಿಲ್ಲ,” ಎಂದರು ಮೇಸ್ತ್ರಿ.

“ತಡೀತದೆ. ನೀವು ಕಟ್ಟಿದ್ದಲ್ವಾ?”

ನಮ್ಮ ತಲೆಯ ಮೇಲೆ, ದಿಬ್ಬದ ಮಣ್ಣಿನ ಮೇಲೆ, ದಪ್ಪ ಕೊಳವೆ ಎಳೆಯುವ ಸದ್ದು ಕೇಳುತ್ತಿತ್ತು. ಯಾರೋ ಹಿಂದಿಯಲ್ಲಿ ಇನ್ನೊಂದು ಅಡಿ ಮುಂದೆ, ಇನ್ನೊಂದು ಅಡಿ ಮುಂದೆ ಎನ್ನುತ್ತಿದ್ದ. ಲಾರಿಯ ಡ್ರಮ್ಮು ತಿರುಗುತ್ತಿತ್ತು. ಗುಹೆಯ ಛಾವಣಿಯಿಂದ ಸುಣ್ಣದ ಪುಡಿ ನನ್ನ ಕನ್ನಡಕದ ಮೇಲೆ ಉದುರಿತು.

“ಹ್ಯೂಬರ್ಟ್, ಆ ಪೊಳ್ಳನ್ನ ನಾನು ಒಮ್ಮೆ ನೋಡಬೇಕು. ಇನ್ಶೂರೆನ್ಸಿಗೆ ಬೇಕು. ನಾಳೆಗೆ ಹಾಕಿಕೊಳ್ಳಿ,” ಎಂದೆ.

“ನಿಮ್ಮ ರಿಪೋರ್ಟ್ ಆಗಿದೆ ಸರ್. ನಿಮ್ಮ ಸಹಿ ಉಂಟು ಅದರಲ್ಲಿ. ಈಗ ಮತ್ತೆ ನೋಡಿದ್ರೆ ನಿಮಗೇ ಕಷ್ಟ.”

ಅವನು ಮೆಲ್ಲಗೆ, ಹಿತೈಷಿಯ ಹಾಗೆ ಹೇಳಿದ. ನಾನು ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಅರ್ಧ ಗಂಟೆಯಲ್ಲಿ ಇಬ್ಬರೂ ಮುಗಿದರು. ಬಾಯಿ ಬಿಟ್ಟರೆ ನೆಲ್ಸನ್ ಎಲ್ಲಿದ್ದಾನೆಂದು ಇವನಿಗೆ ತಿಳಿಯುತ್ತದೆ, ಫೋಟೋ ಹೋಗುತ್ತದೆ, ಬಹುಶಃ ನನ್ನ ಕೆಲಸವೂ ಹೋಗುತ್ತದೆ. ಆದರೆ ಜೀವ ಉಳಿಯುತ್ತದೆ. ಎಷ್ಟೇ ಕೆಟ್ಟವನಾದರೂ ಬೆಳಿಗ್ಗೆ ತಾನೇ ಪೂಜೆ ಮುಗಿಸಿ ಬಂದವನು, ಒಳಗೆ ಉಸಿರಾಡುವ ಜನ ಇದ್ದಾರೆಂದು ತಿಳಿದ ಮೇಲೂ ಕಾಂಕ್ರೀಟು ಸುರಿಸುವುದಿಲ್ಲ.

ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದರೋ, ಹೇಳಿ ಎನ್ನುವಂತೆ ಅಲ್ಲಾಡಿಸಿದರೋ, ಆ ಮಬ್ಬಿನಲ್ಲಿ ನನಗೆ ಗೊತ್ತಾಗಲಿಲ್ಲ.

“ಹ್ಯೂಬರ್ಟ್, ಪಂಪು ಶುರು ಮಾಡಬೇಡಿ,” ಎಂದೆ. “ಆ ಗೋಡೆ ಹಿಂದೆ ಇಬ್ಬರು ಇದ್ದಾರೆ. ಜೀವಂತ ಇದ್ದಾರೆ.”

ಹ್ಯೂಬರ್ಟ್ ಕೈಯಲ್ಲಿದ್ದ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಗೋಣಿಯ ಕಡೆ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಅದೇ ಮೆಲುದನಿಯಲ್ಲಿ ಹೇಳಿದ.

“ಒಬ್ಬ ಇದ್ದಾನೆ ಅಂತ ನನಗೆ ಸೋಮವಾರದಿಂದ ಗೊತ್ತುಂಟು ಸರ್. ಇಬ್ರು ಅಂತ ಈಗ ನೀವು ಹೇಳಿದ ಮೇಲೆ ಗೊತ್ತಾದದ್ದು.”

ಅವನು ಗುಹೆಯ ಬಾಯಿಗೆ ನಡೆದು ದಿಬ್ಬದ ಕಡೆಗೆ ಕೈ ಎತ್ತಿದ. ಮೇಲೆ ಪಂಪು ಶುರುವಾಯಿತು.